2029ಕ್ಕೆ ಕಾಯಬೇಡಿ, ಮೂರನೇ ತರಗತಿಯಲ್ಲೇ ಓದಿಸಿ ನೋಡಿ

2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಒಂದನೇ ತರಗತಿ ಶುರುವಾಯಿತು. ಅಂದು ಸೇರಿದ ಮಕ್ಕಳು 2029ರ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತಾರೆ. ಆ ಮಕ್ಕಳ ಒಂದನೇ ತರಗತಿ ಮುಗಿಯುವ ಮೊದಲೇ ಕೋವಿಡ್ ಬಂತು. ಅಕ್ಷರ ಗಟ್ಟಿಯಾಗಬೇಕಾದ ಎರಡನೇ ತರಗತಿ ಬಹುಮಟ್ಟಿಗೆ ಮನೆಯಲ್ಲೇ ಕಳೆದುಹೋಯಿತು. ಆ ಮಕ್ಕಳ ಹಿಂದೆಯೇ ಇನ್ನೊಂದು ದೊಡ್ಡ ತಂಡ ಬರುತ್ತಿದೆ. 2024ರ ಬಜೆಟ್ 2000 ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಮಾಧ್ಯಮಕ್ಕೆ ತರುವುದಾಗಿ ಘೋಷಿಸಿತು, ಮರುವರ್ಷ ಅದು ಇನ್ನಷ್ಟು ಶಾಲೆಗಳಿಗೆ ಹಬ್ಬಿತು. 2024-25ರಲ್ಲಿ ಹೀಗೆ ಒಂದನೇ ತರಗತಿಗೆ ಸೇರಿದ ಮಗು 2026-27ರಲ್ಲಿ ಮೂರನೇ ತರಗತಿಯಲ್ಲಿರುತ್ತದೆ. ಈ ಸಂಪಾದಕೀಯದ ಕಾಳಜಿ ಆ ಮೂರನೇ ತರಗತಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಮಕ್ಕಳ ವಿಷಯದಲ್ಲಿ ನಮಗೆ ಹೆಚ್ಚಿನ ಭಯವಿದೆ. ಆಂಧ್ರದ ಗಡಿಗೆ ಹತ್ತಿರದ ಇಲ್ಲಿನ ನೂರಾರು ಹಳ್ಳಿಗಳಲ್ಲಿ ಮನೆಮಾತು ತೆಲುಗು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಎಷ್ಟೋ ಮನೆಗಳಲ್ಲಿ, ಚಿಂತಾಮಣಿ ಪೇಟೆಯ ಹಲವು ಬೀದಿಗಳಲ್ಲಿ ಉರ್ದು. ಆರು ವರ್ಷದ ಮಗು ಶಾಲೆಗೆ ಬಂದು ಕನ್ನಡ ಕಲಿಯುತ್ತದೆ. ಅದು ಆ ಮಗುವಿಗೆ ಎರಡನೆಯ ಭಾಷೆ. ಇಂಗ್ಲಿಷ್ ಮೂರನೆಯದು. ಬೆಂಗಳೂರಿನ ಮಗುವಿಗೆ ಇಂಗ್ಲಿಷ್ ಅಂಗಡಿಯ ಬೋರ್ಡಿನಲ್ಲಿದೆ, ಪಕ್ಕದ ಮನೆಯಲ್ಲಿದೆ, ಲಿಫ್ಟಿನಲ್ಲಿದೆ. ಗಡಿ ಹಳ್ಳಿಯ ಮಗುವಿಗೆ ಅದು ಶಾಲೆಯ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಮಾತ್ರ ಇದೆ. ಗಂಟೆ ಹೊಡೆದ ಮೇಲೆ ಮರುದಿನದವರೆಗೆ ಅದರ ಸದ್ದಿಲ್ಲ. ಹೀಗೆ ಕಲಿಯುವ ಭಾಷೆಗೆ ಪರಭಾಷೆಯ ಬೋಧನಾಕ್ರಮವೇ ಬೇಕು. ನಾವು ಮಾತ್ರ ಅದನ್ನು ಗಣಿತದ, ಪರಿಸರ ಅಧ್ಯಯನದ ಮಾಧ್ಯಮ ಮಾಡಲು ಹೊರಟಿದ್ದೇವೆ.

ಇಂಗ್ಲಿಷ್ ಬೇಕೆನ್ನುವ ತಂದೆತಾಯಂದಿರನ್ನು ಈ ಪತ್ರಿಕೆ ದೂರುವುದಿಲ್ಲ. ಬೆಂಗಳೂರು ಅರವತ್ತು ಕಿಲೋಮೀಟರ್ ದೂರದಲ್ಲಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಈ ಸೀಮೆಯ ಹುಡುಗರು ಹುಡುಗಿಯರು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಎರಡು ವಾಕ್ಯ ಇಂಗ್ಲಿಷ್ ಆಡಬಲ್ಲವರಿಗೂ ಆಡಲಾರದವರಿಗೂ ಸಂಬಳದಲ್ಲಿ ಎಷ್ಟು ಅಂತರವೆಂದು ಮನೆಯವರಿಗೆಲ್ಲ ಗೊತ್ತು. ಗೌರಿಬಿದನೂರಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲೂ ಅದೇ ಲೆಕ್ಕ. ಹೊಲ ಮಾರಿಯಾದರೂ ಮಗನನ್ನು ಕಾನ್ವೆಂಟಿಗೆ ಹಾಕುತ್ತೇನೆ ಎನ್ನುವ ತಾಯಿಗೆ ಭಾಷಾಭಿಮಾನ ಬೋಧಿಸುವ ಹಕ್ಕು, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಕಳಿಸಿದ ನಮ್ಮಂಥ ಓದಿದವರಿಗೆ ಇಲ್ಲ. ಆ ತಾಯಿ ಕೇಳುತ್ತಿರುವುದು ನ್ಯಾಯವಾದದ್ದು. ಆದರೆ ಅವಳಿಗೆ ಕೊಡುತ್ತಿರುವುದು ಇಂಗ್ಲಿಷೇ ಹೌದೋ ಅಲ್ಲವೋ ಎಂದು ಕೇಳುವುದು ನಮ್ಮ ಕರ್ತವ್ಯ.

ಇಂಗ್ಲಿಷ್ ಪುಸ್ತಕದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳಲ್ಲಿ ಅದೇ ಸಾಲು ಬರೆದಿರುವುದನ್ನು ನೋಡದ ಮೇಷ್ಟ್ರು ಈ ಜಿಲ್ಲೆಯಲ್ಲಿ ಸಿಗಲಾರರು. ಮಗು ಓದುತ್ತಿರುವುದು ಕೆಳಗಿನ ಸಾಲನ್ನು, ಮೇಲಿನದನ್ನಲ್ಲ. ಬೋರ್ಡಿನ ಮೇಲಿನ ಪ್ರಶ್ನೋತ್ತರವನ್ನು ಮುತ್ತಿನಂತೆ ನಕಲು ಮಾಡುವ ಹುಡುಗಿಗೆ ಬೇರೊಂದು ಪುಟ ತೆರೆದು ಕೊಟ್ಟರೆ ಮಾತು ನಿಲ್ಲುತ್ತದೆ. ಇದು ಹಳೆಯ ಕಾಯಿಲೆ, ಕನ್ನಡ ಶಾಲೆಗಳಲ್ಲೂ ಇತ್ತು. ಹೊಸ ಅಪಾಯ ಇದರ ಮುಂದಿನದು. ಆ ಪೆನ್ಸಿಲ್ ಸಾಲನ್ನು ಬರೆದುಕೊಳ್ಳುವಷ್ಟು ಕನ್ನಡ ಓದು ಬರಹವೂ ಬಾರದ ಮಕ್ಕಳು ಈಗ ಮೇಲಿನ ತರಗತಿಗಳಿಗೆ ಹೋಗಲಿದ್ದಾರೆ. ಮನೆಯ ತೆಲುಗಿನ ಲಿಪಿ ಗೊತ್ತಿಲ್ಲ, ಶಾಲೆಯ ಕನ್ನಡ ಗಟ್ಟಿಯಾಗಿಲ್ಲ, ಇಂಗ್ಲಿಷ್ ಅರ್ಥವಾಗುತ್ತಿಲ್ಲ. ಆ ಮಗುವಿಗೆ ಓದಿ ತಿಳಿಯಲು ಒಂದೇ ಒಂದು ಭಾಷೆಯೂ ಉಳಿಯುವುದಿಲ್ಲ.

ಇದು ಬರೀ ಊಹೆಯಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸೋನಾಲಿ ನಾಗ್ ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಬೇಗ ಗುರುತಿಸುತ್ತದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ಕಣ್ಣಿಗೆ ಬೀಳುವ ರೂಪಗಳು ನಾನೂರಕ್ಕೂ ಹೆಚ್ಚು. ಅವು ಕೈವಶವಾಗುವ ಕೆಲಸ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ನಡೆಯುತ್ತಲೇ ಇರುತ್ತದೆ ಎಂದು ಅವರು ತೋರಿಸಿದರು. ಅಂದರೆ ಎರಡನೇ ತರಗತಿಯ ಹೊತ್ತಿಗೆ ಕನ್ನಡ ಓದು ಬಂದಾಯಿತು ಎಂದುಕೊಳ್ಳುವಂತಿಲ್ಲ. ಇನ್ನೊಂದು ಅಧ್ಯಯನ ನಮ್ಮ ಗಡಿಗೆ ನೇರವಾಗಿ ಸಂಬಂಧಿಸಿದ್ದು. ಸಂಶೋಧಕಿ ಪೂಜಾ ರೆಡ್ಡಿ ನಕಮುರಾ ಮತ್ತು ಸಂಗಡಿಗರು ಕನ್ನಡ, ತೆಲುಗು ಕಲಿಯುತ್ತಿದ್ದ ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಕೊಟ್ಟರು. ಮೊದಲ ಲಿಪಿಯ ಓದು ಒಂದು ಮಟ್ಟಕ್ಕೆ ಬಂದ ಮೇಲಷ್ಟೇ ಆ ಶಕ್ತಿ ಇಂಗ್ಲಿಷ್ ಓದಿಗೆ ಒದಗುತ್ತದೆ, ಆ ಮಟ್ಟಕ್ಕೆ ಮುಂಚೆ ಒದಗುವುದಿಲ್ಲ ಎಂಬುದು ಅದರ ತಿರುಳು. ಕನ್ನಡ ಓದನ್ನು ಬೇಗ ಬಿಡಿಸಿದರೆ ಇಂಗ್ಲಿಷ್ ಬೇಗ ಬರುತ್ತದೆ ಎಂಬ ನಂಬಿಕೆಗೆ ಇದು ನೇರ ವಿರುದ್ಧ. ಇಂಗ್ಲಿಷ್ ಬೇಕೆನ್ನುವವರೇ ಮೊದಲು ಕನ್ನಡ ಓದನ್ನು ಗಟ್ಟಿ ಮಾಡಿ ಎಂದು ಪಟ್ಟು ಹಿಡಿಯಬೇಕು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇಯಾಂಥಿ ಸಿಂಪ್ಲಿ ಅವರ ನೇತೃತ್ವದಲ್ಲಿ, ನಮ್ಮ ನಿಮ್ಹಾನ್ಸ್ ಕೂಡ ಪಾಲ್ಗೊಂಡು, ದೆಹಲಿ, ಹೈದರಾಬಾದ್, ಪಟ್ನಾ ಶಾಲೆಗಳಲ್ಲಿ ನಡೆದ ಅಧ್ಯಯನವೊಂದಿದೆ. ಇಂಗ್ಲಿಷ್ ಮಾಧ್ಯಮವೆಂದು ಹೆಸರಿರುವ ಬಡಮಕ್ಕಳ ತರಗತಿಗಳಲ್ಲಿ ಪಾಠ ನಿಜವಾಗಿ ನಡೆಯುವುದು ಊರ ಭಾಷೆ ಬೆರೆಸಿಯೇ ಎಂಬುದು ಅಲ್ಲಿ ಕಂಡಿತು. ಅದರಲ್ಲಿ ಶಿಕ್ಷಕರ ತಪ್ಪಿಲ್ಲ. ಬೆರೆಸದಿದ್ದರೆ ಮಗುವಿಗೆ ಏನೂ ತಿಳಿಯದು. ತೊಂದರೆ ಆಮೇಲೆ ಬರುತ್ತದೆ: ತೆಲುಗಿನಲ್ಲಿ ಕೇಳಿ ತಿಳಿದದ್ದನ್ನು ಮಗು ಇಂಗ್ಲಿಷಿನಲ್ಲಿ ಬರೆಯಬೇಕು. ಅಲ್ಲಿ ಬಾಯಿಪಾಠವೊಂದೇ ದಾರಿ. ಅಸರ್ ಸಮೀಕ್ಷೆಯ ಅಂಕಿಯನ್ನೂ ನೋಡಿ. ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು 2016ರಲ್ಲಿ ಶೇ 24.7, 2022ರಲ್ಲಿ ಶೇ 24.5. ಆರು ವರ್ಷಗಳಲ್ಲಿ ಕಾನ್ವೆಂಟಿನ ವ್ಯಾನುಗಳು ಹಳ್ಳಿ ಹಳ್ಳಿಗೆ ಬಂದವು, ಇಂಗ್ಲಿಷ್ ಓದುವ ಮಕ್ಕಳ ಪಾಲು ಮಾತ್ರ ಕದಲಲಿಲ್ಲ.

ಹಾಗಾದರೆ ಹಳ್ಳಿ ಮಗುವಿಗೆ ಇಂಗ್ಲಿಷ್ ಕಲಿಸುವುದೇ ಆಗದೇ? ಆಗುತ್ತದೆ, ಮತ್ತು ಅದರ ದಾರಿಯನ್ನು ಜಗತ್ತಿಗೆ ತೋರಿಸಿದ್ದೇ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳು. 1979ರಿಂದ 1984ರವರೆಗೆ ಭಾಷಾಬೋಧನೆಯ ತಜ್ಞ ಎನ್.ಎಸ್.ಪ್ರಭು ಬೆಂಗಳೂರಿನಲ್ಲೂ ಮದ್ರಾಸಿನ ಕಡೆಯಲ್ಲೂ ನಡೆಸಿದ ಪ್ರಯೋಗ ಭಾಷಾಬೋಧನೆಯ ಪುಸ್ತಕಗಳಲ್ಲಿ ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಗಿದೆ. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ, ವಾಕ್ಯ ಉರು ಹೊಡೆಸುವುದಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮಕ್ಕಳ ಮುಂದಿಟ್ಟು, ಇಂಥ ಊರಿಗೆ ಮಧ್ಯಾಹ್ನದೊಳಗೆ ಮುಟ್ಟಲು ಯಾವ ಗಾಡಿ ಹಿಡಿಯಬೇಕು ಎಂಬಂಥ ಲೆಕ್ಕ ಕೊಡುವುದು, ಶಿಕ್ಷಕರು ಮೊದಲು ಅಂಥದೇ ಒಂದನ್ನು ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ ಬಿಡಿಸಿ ತೋರಿಸುವುದು, ಆಮೇಲೆ ಮಕ್ಕಳೇ ಇನ್ನೊಂದನ್ನು ಬಿಡಿಸುವುದು. ಮನಸ್ಸು ಲೆಕ್ಕದ ಮೇಲಿದ್ದಾಗ ಭಾಷೆ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ತರಗತಿಯ ಅರ್ಧದಷ್ಟು ಮಕ್ಕಳಿಗಾದರೂ ದಕ್ಕುವಷ್ಟು ಕಷ್ಟದ ಕೆಲಸ ಕೊಡಬೇಕು ಎಂಬ ಅವರ ಅಳತೆಗೋಲು ಎಷ್ಟು ಸರಳ, ಎಷ್ಟು ಉಪಯೋಗದ್ದು! 1987ರಲ್ಲಿ ಅವರ ಪುಸ್ತಕ ಆಕ್ಸ್‌ಫರ್ಡಿನಿಂದ ಬಂತು. ಇಂದು ಹಲವು ದೇಶಗಳ ಇಂಗ್ಲಿಷ್ ಶಿಕ್ಷಕರು ಆ ಹಾದಿಯ ಕ್ರಮ ಕಲಿಯುತ್ತಾರೆ.

ಆ ಪ್ರಯೋಗವನ್ನು ಹೊರಗಿನವರು ಬಂದು ಅಳೆದರು ಎಂಬುದು ಅದಕ್ಕಿಂತ ದೊಡ್ಡ ವಿಷಯ. ಅಲನ್ ಬೆರೆಟಾ, ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಒಟ್ಟಾರೆ ಅದರ ಪರವಾಗಿತ್ತು, ಆದರೆ ಹಳೆಯ ಕ್ರಮದ ವ್ಯಾಕರಣ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳೇ ಮುಂದಿದ್ದರು ಎಂದೂ ಹೇಳಿತು. 1990ರಲ್ಲಿ ಬೆರೆಟಾ ಇನ್ನೊಂದು ಮಾತು ಬರೆದರು, ನಮ್ಮ ಜಿಲ್ಲೆಗೆ ಬೇಕಾದದ್ದು ಅದೇ. ಪ್ರಯೋಗಕ್ಕೆಂದು ಬಂದ ಶಿಕ್ಷಕರು ಈ ಕ್ರಮವನ್ನು ಚೆನ್ನಾಗಿ ನಡೆಸಿದರು. ಆಯಾ ಶಾಲೆಯಲ್ಲಿ ಮೊದಲಿನಿಂದ ಪಾಠ ಮಾಡುತ್ತಿದ್ದ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಅದು ಕೈಗೆ ಹತ್ತಲಿಲ್ಲ. ಅಳುಕಿಲ್ಲದೆ ಇಂಗ್ಲಿಷಿನಲ್ಲಿ ಮಾತಾಡಬಲ್ಲ ಶಿಕ್ಷಕರಿಲ್ಲದೆ ಯಾವ ಹೊಸ ಕ್ರಮವೂ ಸಾಮಾನ್ಯ ಶಾಲೆಯಲ್ಲಿ ನಿಲ್ಲದು.

ಇಂದು ನಮ್ಮ ಶಾಲೆಗಳ ಸ್ಥಿತಿ ನೋಡಿ. ದ್ವಿಭಾಷಾ ಪುಸ್ತಕ ಬಂದಿದೆ, ಒಂದು ಪುಟ ಕನ್ನಡ, ಎದುರು ಪುಟ ಇಂಗ್ಲಿಷ್. ಅದನ್ನು ಪಾಠ ಮಾಡಬೇಕಾದವರು ಕನ್ನಡ ಮಾಧ್ಯಮದಲ್ಲಿ ಕಲಿತು, ಕನ್ನಡ ಮಾಧ್ಯಮಕ್ಕೆಂದೇ ನೇಮಕವಾದ ಶಿಕ್ಷಕರು. ಹುದ್ದೆ ಖಾಲಿ ಇರುವ ಕಡೆ ವರ್ಷ ವರ್ಷವೂ ಬದಲಾಗುವ ಅತಿಥಿ ಶಿಕ್ಷಕರು. ಅವರಲ್ಲಿ ಶ್ರದ್ಧೆಯ ಕೊರತೆಯಿಲ್ಲ. ಐದು ತರಗತಿಗಳನ್ನು ಇಬ್ಬರೇ ನೋಡಿಕೊಂಡು, ಬಿಸಿಯೂಟ, ಗಣತಿ, ಆನ್‌ಲೈನ್ ದಾಖಲೆ ಎಲ್ಲವನ್ನೂ ಮುಗಿಸಿದ ಶಿಕ್ಷಕಿಗೆ ಕೆಲವು ದಿನಗಳ ತರಬೇತಿ ಕೊಟ್ಟು, ನಾಳೆಯಿಂದ ಗಣಿತ ಇಂಗ್ಲಿಷಿನಲ್ಲಿ ಎಂದರೆ ಅದು ಅವರಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಿಂದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡುವುದೇ ಅದರ ಕಸುಬು. ಇಲ್ಲಿಂದ ಎರಡು ಗಂಟೆಯ ದಾರಿ. ಮೊದಲು ಶಿಕ್ಷಕರು ಅಲ್ಲಿಗೆ ಹೋಗಿ ಬರಲಿ, ಇಂಗ್ಲಿಷ್ ವಿಭಾಗದ ಬೋರ್ಡು ಆಮೇಲೆ ಏಳಲಿ.

ಜಿಲ್ಲೆಯ ಫಲಿತಾಂಶ ಚೆನ್ನಾಗಿಯೇ ಇದೆಯಲ್ಲ ಎನ್ನುವವರಿದ್ದಾರೆ. 2020ರ ಎಸ್ಸೆಸ್ಸೆಲ್ಸಿಯಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲು ಬಂದಿತ್ತು. ಅದಕ್ಕಾಗಿ ದುಡಿದ ಶಿಕ್ಷಕರ ಶ್ರಮವನ್ನು ಈ ಪತ್ರಿಕೆ ಮರೆತಿಲ್ಲ. ಆದರೆ ಹತ್ತನೇ ತರಗತಿಯ ರ‍್ಯಾಂಕು ಮೂರನೇ ತರಗತಿಯ ಓದನ್ನು ಹೇಳದು. ಶಿಡ್ಲಘಟ್ಟದ ರೇಷ್ಮೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹುಳು ಪೊರೆ ಬಿಡುವ ಎರಡನೇ ಜ್ವರದಲ್ಲೇ ರೋಗ ಗುರುತಿಸಿದರೆ ಬೆಳೆ ಉಳಿಸಿಕೊಳ್ಳಲು ದಾರಿಯಿದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಗೊತ್ತಾದರೆ ಇಲ್ಲ.

ಗಡಿಯಾಚೆಯ ಪಾಠವೂ ಕಣ್ಣ ಮುಂದಿದೆ. ಆಂಧ್ರ ಸರ್ಕಾರ 2019ರ ನವೆಂಬರಿನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತರುವ ಆದೇಶ ಹೊರಡಿಸಿತು, 2020ರ ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಲಿ ಎಂದು ಸುಖದೇವ ಥೋರಟ್ ನೇತೃತ್ವದ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಶಿಫಾರಸು ಮಾಡಿದೆ. ಆಯೋಗವನ್ನು ನೇಮಿಸಿದ ಸರ್ಕಾರವೇ ಒಂದನೇ ತರಗತಿಯಿಂದ ದ್ವಿಭಾಷಾ ವಿಭಾಗಗಳನ್ನು ಹೆಚ್ಚಿಸುತ್ತಿದೆ. ಇವೆರಡರಲ್ಲಿ ಯಾವುದು ತನ್ನ ನೀತಿ ಎಂದು ಸರ್ಕಾರ ಹೇಳಬೇಕು.

ಆ ಉತ್ತರ ಬರುವ ತನಕ ನಮ್ಮ ನಾಲ್ಕು ತಾಲ್ಲೂಕುಗಳು ಕೈಕಟ್ಟಿ ಕೂರಬೇಕಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ) ಮತ್ತು ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ (ಡಯಟ್) ಮನಸ್ಸು ಮಾಡಿದರೆ ಒಂದು ತಿಂಗಳಲ್ಲಿ ಮುಗಿಯುವ ಕೆಲಸವಿದೆ. ದ್ವಿಭಾಷಾ ವಿಭಾಗವಿರುವ ಪ್ರತಿ ಶಾಲೆಯಲ್ಲಿ ಮೂರನೇ ತರಗತಿಯ ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಪಠ್ಯದಲ್ಲಿಲ್ಲದ ಐದು ಸಾಲು ಕನ್ನಡ, ಐದು ಸಾಲು ಇಂಗ್ಲಿಷ್ ಓದಿಸಿ, ಓದಿದ್ದು ಏನೆಂದು ಮಗುವಿಗೆ ಬರುವ ಭಾಷೆಯಲ್ಲೇ ಕೇಳಬೇಕು. ತೆಲುಗಿನಲ್ಲಿ ಹೇಳಿದರೂ ಸರಿ, ಉರ್ದುವಿನಲ್ಲಿ ಹೇಳಿದರೂ ಸರಿ. ಮಕ್ಕಳ ಹೆಸರಿಲ್ಲದೆ ಲೆಕ್ಕವನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ಮುಂದೆ ಇಡಬೇಕು. ಕನ್ನಡ ಓದು ಗಟ್ಟಿಯಾಗದ ಶಾಲೆಯಲ್ಲಿ ಗಣಿತವನ್ನು ಕನ್ನಡದಲ್ಲೇ ಮುಂದುವರಿಸಿ, ಇಂಗ್ಲಿಷನ್ನು ಭಾಷೆಯಾಗಿ, ಕೇಳಿ ಮಾತಾಡುವ ಭಾಷೆಯಾಗಿ, ದಿನಕ್ಕೆ ಒಂದು ಪಿರಿಯಡ್ಡಿನ ಬದಲು ಎರಡು ಕೊಟ್ಟು ಕಲಿಸಬೇಕು. ಆ ಲೆಕ್ಕ ಬರುವವರೆಗೆ ಹೊಸ ವಿಭಾಗ ತೆರೆಯುವುದನ್ನು ನಿಲ್ಲಿಸಬೇಕು.

ತಂದೆತಾಯಂದಿರಲ್ಲಿ ಒಂದು ವಿನಂತಿ. ನಿಮಗೆ ಓದು ಬಾರದಿದ್ದರೂ ಅಡ್ಡಿಯಿಲ್ಲ. ಇವತ್ತು ಸಂಜೆ ಮಗುವಿಗೆ ಪುಸ್ತಕದ ಇನ್ನೂ ಪಾಠವಾಗದ ಪುಟ ತೆರೆದು ಕೊಡಿ, ಓದಿ ಅರ್ಥ ಹೇಳು ಎನ್ನಿ. ಹೇಳದಿದ್ದರೆ ಮಗುವನ್ನು ಬೈಯಬೇಡಿ. ನಾಳೆ ಬೆಳಗ್ಗೆ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ.