ಹಾಲುಹಲ್ಲೂ ಮಾತೂ

“ಹೇಗೂ ಬೀಳುವ ಹಲ್ಲು, ಹುಳುಕಾದರೇನಂತೆ?” ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ಉದಾಸೀನವನ್ನು ನಾನು ಒಪ್ಪಲಾರೆ. ನಮ್ಮ ವೈಯಾಕರಣರು ತ, ಥ, ದ, ಧ, ನಗಳನ್ನು ದಂತ್ಯಗಳೆಂದು ಕರೆದುದು ಸುಮ್ಮನೆ ಅಲ್ಲ. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಗಿದರೇ ಅವು ಸ್ಫುಟವಾಗುವುವು. ‘ಕಾಫಿ’ ಎನ್ನಲು ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು.

ಆರೇಳು ವರ್ಷಕ್ಕೆ ಮುಂದಿನ ಹಾಲುಹಲ್ಲು ಬಿದ್ದಾಗ ತೊದಲು ಸಹಜ. ಹೊಸ ಹಲ್ಲು ಬಂದ ಮೇಲೆ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಆದರೆ ರಾತ್ರಿಯೆಲ್ಲ ಸಿಹಿಹಾಲಿನ ಸೀಸೆ ಚೀಪಿ ಮೂರು ವರ್ಷಕ್ಕೇ ಹಲ್ಲು ಕಳೆದುಕೊಂಡ ಕೂಸಿಗೆ, ಮಾತು ಕಲಿಯುವ ಕಾಲದಲ್ಲೇ ನಾಲಗೆಯ ಆಧಾರ ತಪ್ಪುತ್ತದೆ. ಬಹುಕಾಲ ಬೆರಳು ಚೀಪಿದರೆ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ, ಆ ಸಂದಿನಲ್ಲಿ ನಾಲಗೆ ಚಾಚಿ ‘ಸ’ಕಾರ ಕೆಡುವುದೂ ಉಂಟು.

ಎಲ್ಲ ದೋಷಕ್ಕೂ ಹಲ್ಲೇ ಕಾರಣವಲ್ಲ. ಉಗ್ಗು ಹಲ್ಲಿನಿಂದ ಬರುವುದಲ್ಲ. ಕಿವಿ ಮಂದವಾದರೂ ಮಾತು ಕೆಡಬಹುದು. ಇದನ್ನು ವಿಂಗಡಿಸಬಲ್ಲ ತಜ್ಞರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ.

ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ‘ಸರಸ್ವತಿ’ ಎನ್ನಲಾರದ ಹುಡುಗನನ್ನು ಕಂಡು ತರಗತಿಯೇ ನಕ್ಕರೆ, ಅವನು ಬಾಯಿ ತೆರೆಯುವುದನ್ನೇ ಬಿಟ್ಟಾನು. ಅವನನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುವ ಮೊದಲು, ಅವನ ಹಲ್ಲನ್ನೊಮ್ಮೆ ನೋಡುವುದು ನಮ್ಮ ಕರ್ತವ್ಯವೆಂದು ನನ್ನ ನಂಬಿಕೆ.