ಕಾದು ಕುಳಿತ ನಂದಿ

ಮಕ್ಕಳನ್ನು ಕರೆದುಕೊಂಡು ಊರು ನೋಡಲು ಹೊರಡುವ ತಂದೆಯ ಜೇಬಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಖರ್ಚಾದ ಹಣಕ್ಕೂ ಕಳೆದ ರಜೆಗೂ ಲೆಕ್ಕ ಸರಿಹೊಂದಬೇಕಾದರೆ ನೋಡಿದ ಸ್ಥಳಗಳ ಸಂಖ್ಯೆ ದೊಡ್ಡದಾಗಿರಬೇಕೆಂಬುದು ಆತನ ನಂಬಿಕೆ. ಮಕ್ಕಳ ಲೆಕ್ಕವೇ ಬೇರೆ. ಅವರಿಗೆ ಶಿಖರಕ್ಕಿಂತ ಶಿಖರದ ಮೇಲೆ ಕುಳಿತ ಗಿಳಿ ದೊಡ್ಡದು.

ಚಿಕ್ಕೋಡಿಯ ಒಂದು ಮನೆಯಲ್ಲಿ ದೀಪಾವಳಿಯ ರಜೆಗೆಂದು ಇಂತಹದೇ ಒಂದು ಪಟ್ಟಿ ಸಿದ್ಧವಾಯಿತು. ನಿಪ್ಪಾಣಿಯ ಸಮೀಪದ ಸ್ತವನಿಧಿ, ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಗುಡಿ, ಅಥಣಿಯ ಗಚ್ಚಿನಮಠ, ಕಾಗವಾಡ ತಾಲ್ಲೂಕಿನ ಶೇಡಬಾಳದ ಬಸದಿ, ಕೃಷ್ಣೆಯ ದಂಡೆಯ ಯಡೂರು, ಗಡಿಯಾಚೆಯ ಖಿದ್ರಾಪುರ; ಒಂದು ದಿನಕ್ಕೆ ಆರು ಸ್ಥಳಗಳು! ಯಜಮಾನರು ಅದನ್ನು ಹೆಮ್ಮೆಯಿಂದ ಓದಿ ಹೇಳಿದಾಗ ಮನೆಯಾಕೆ ನಕ್ಕುಬಿಟ್ಟಳು.

“ಇದೇನ್ರಿ, ದೇವರ ದರ್ಶನೋ, ಓಟದ ಶರ್ಯತ್ತೋ?”

ಆಕೆಯ ಪೆನ್ಸಿಲಿಗೆ ನಾಲ್ಕು ಊರುಗಳು ಬಲಿಯಾದವು. ಉಳಿದವು ಖಿದ್ರಾಪುರ ಮತ್ತು ಯಡೂರು ಎರಡೇ. ಮರುದಿನ ಮುಂಜಾನೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಹಬ್ಬದಲ್ಲಿ ಮಿಕ್ಕ ಚಕ್ಕಲಿ, ಶಂಕರಪಾಳಿಗಳ ಡಬ್ಬಿಗಳೊಡನೆ ಕಾರು ಹೊರಟಿತು. ಹಿಂದಿನ ಆಸನದಲ್ಲಿ ಇಬ್ಬರು ಮಕ್ಕಳ ನಡುವೆ ಅವರ ಆಯಿ ಕುಳಿತಿದ್ದರು.

ಮಳೆಗಾಲದಲ್ಲಿ ಈ ಪ್ರವಾಸ ಸುಲಭವಲ್ಲ. ಕೃಷ್ಣೆ ಉಕ್ಕಿದರೆ ತಗ್ಗಿನ ಸೇತುವೆಗಳು ನೀರೊಳಗಾಗುತ್ತವೆ; 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಈ ದಂಡೆಯ ಊರುಗಳು ಇನ್ನೂ ಮರೆತಿಲ್ಲ. ದೀಪಾವಳಿಯ ಹೊತ್ತಿಗೆ ಹೊಳೆ ಶಾಂತವಾಗಿತ್ತು. ಇಕ್ಕೆಲದಲ್ಲಿಯೂ ಆಳೆತ್ತರದ ಕಬ್ಬು. ಕಬ್ಬಿನ ನಡುವೆ ಎಲ್ಲಿ ಕರ್ನಾಟಕ ಮುಗಿಯಿತು, ಎಲ್ಲಿ ಮಹಾರಾಷ್ಟ್ರ ಮೊದಲಾಯಿತೆಂಬುದು ಅಂಗಡಿಗಳ ಫಲಕ ಕಂಡಾಗಲೇ ಮಕ್ಕಳಿಗೆ ತಿಳಿದದ್ದು.

ಖಿದ್ರಾಪುರ ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಕೋಪೇಶ್ವರ ದೇವಾಲಯವು 12ನೆಯ ಶತಮಾನದಲ್ಲಿ ಶಿಲಾಹಾರ ಅರಸರ ಕಾಲದಲ್ಲಿ ಮೈದಳೆದುದು. ಅದರ ಮುಂಭಾಗದ ಸ್ವರ್ಗಮಂಟಪಕ್ಕೆ ನಡುವೆ ಮಾಡಿಲ್ಲ. ವರ್ತುಲಾಕಾರದ ಆ ತೆರವಿನಲ್ಲಿ ಆಕಾಶವೇ ಸೂರು. ಕಾರ್ತಿಕದ ಹುಣ್ಣಿಮೆಯ ರಾತ್ರಿ ಚಂದ್ರನು ಅದರ ನೇರಕ್ಕೆ ಬರುವುದನ್ನು ಕಾಣಲು ಜನ ನೆರೆಯುತ್ತಾರೆ. ಕೆಳಗಿನ ದುಂಡು ಕಲ್ಲಿನ ಮೇಲೆ ಅಂಗಾತ ಮಲಗಿದ ಆರು ವರ್ಷದ ಹುಡುಗ, “ಅಪ್ಪಾ, ಗುಡಿಗೆ ಕಿಟಕಿ ಮ್ಯಾಲೆ ಐತಿ!” ಎಂದು ಕೂಗಿದ.

ಅವನ ಅಕ್ಕ ಹೊರಗೋಡೆಯ ಬುಡದಲ್ಲಿ ಗುಡಿಯನ್ನೇ ಹೊತ್ತಂತೆ ನಿಂತ ಕಲ್ಲಾನೆಗಳನ್ನು ಎಣಿಸಲು ಹೋಗಿ, ಮೂರು ಬಾರಿ ಲೆಕ್ಕ ತಪ್ಪಿ, ನಾಲ್ಕನೆಯ ಬಾರಿ ತಂದೆಯನ್ನು ಜೊತೆಗೆ ಕರೆದಳು. ಅಲ್ಲಿಯ ಹತ್ತು ಹನ್ನೆರಡು ಶಾಸನಗಳಲ್ಲಿ ಯಾದವ ಸಿಂಘಣನ ಸಂಸ್ಕೃತ ಶಾಸನವೊಂದನ್ನು ಬಿಟ್ಟರೆ ಮಿಕ್ಕವೆಲ್ಲ ಕನ್ನಡದವು. ಸವೆದ ಸಾಲುಗಳಲ್ಲಿ ತನಗೆ ಗೊತ್ತಿದ್ದ ಅಕ್ಷರವೊಂದು ಬೆರಳಿಗೆ ಸಿಕ್ಕಾಗ ಹುಡುಗಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಗರ್ಭಗುಡಿಯಿಂದ ಹೊರಬಂದ ಹುಡುಗ ಮಾತ್ರ ಏನನ್ನೋ ಹುಡುಕುತ್ತಿದ್ದ.

“ಆಯಿ, ಇಲ್ಲಿ ನಂದೀನ ಇಲ್ಲಲ್ಲ?”

ಈಶ್ವರನ ಗುಡಿಯಲ್ಲಿ ನಂದಿ ಇಲ್ಲದಿರುವುದು ತಂದೆಯ ಕಣ್ಣಿಗೆ ಬಿದ್ದಿರಲೇ ಇಲ್ಲ. ಆಯಿ ಕಂಬಕ್ಕೊರಗಿ ಕುಳಿತು, ತಾವು ಚಿಕ್ಕಂದಿನಲ್ಲಿ ಕೇಳಿದ ಕಥೆಯನ್ನು ಹೇಳಿದರು. ದಕ್ಷನು ಯಜ್ಞ ಮಾಡಿದ, ಮಗಳನ್ನು ಕರೆಯಲಿಲ್ಲ. ಕರೆಯದಿದ್ದರೂ ತವರಿಗೆಂದು ದಾಕ್ಷಾಯಿಣಿ ನಂದಿಯನ್ನೇರಿ ಹೊರಟಳು. ಅಲ್ಲಿ ಅವಮಾನವಾಗಿ ಅವಳು ಬೆಂಕಿಗೆ ಹಾರಿದಳು. ಶಿವ ಕೋಪೇಶ್ವರನಾದ, ವಿಷ್ಣು ಬಂದು ಪಕ್ಕದಲ್ಲಿ ನಿಂತು ಸಮಾಧಾನ ಮಾಡಿದ. ಅದಕ್ಕೇ ಒಳಗೆ ಎರಡು ಲಿಂಗ.

“ಮತ್ತ ನಂದಿ?”

“ಅದು ಅಕಿನ್ನ ತವರಿಗೆ ಬಿಡಾಕ ಹೋಗಿತ್ತಲ್ಲ, ತಮ್ಮಾ. ಯಡೂರಾಗ ಕುಂತೈತಿ. ತಿರುಗಿ ಕರಕೊಂಡು ಬರಬೇಕಂತ ಇನ್ನೂ ಕಾಯಾಕತ್ತೈತಿ.”

ಹೇಳಿದವರು ಸುಮ್ಮನಾದರು. ಅವರ ತವರೂರು ಅದೇ ತಾಲ್ಲೂಕಿನಲ್ಲಿ, ಹೆಚ್ಚು ದೂರವಿರಲಿಲ್ಲ. 1956ರಲ್ಲಿ ಈ ಸೀಮೆಯನ್ನು ಎರಡು ರಾಜ್ಯಗಳಿಗೆ ಹಂಚಿದ ಮೇಲೆಯೂ ಇಲ್ಲಿಯ ಹೆಣ್ಣು ಕೊಡುವ ತರುವ ಸಂಬಂಧಗಳು ನಿಂತಿರಲಿಲ್ಲ. ಅಣ್ಣನೊಡನೆ ಮರಾಠಿ, ಮೊಮ್ಮಕ್ಕಳೊಡನೆ ಕನ್ನಡ. ಆಯಿಯ ನಾಲಗೆಗೆ ಎರಡೂ ಒಂದೇ. ಪ್ರತಿ ದೀಪಾವಳಿಗೆ ಬಂದು ತಂಗಿಯ ಕೈಯಿಂದ ಆರತಿ ಮಾಡಿಸಿಕೊಂಡು ಹೋಗುತ್ತಿದ್ದ ಆ ಅಣ್ಣ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಅಂದಿನಿಂದ ಅತ್ತ ಕಡೆಯ ಕರೆ ಬಂದಿರಲಿಲ್ಲ; ಇತ್ತ ಕಡೆಯಿಂದ ಹೋದವರೂ ಇರಲಿಲ್ಲ.

ಸೊಸೆ ಮೆಲ್ಲನೆ ಕೇಳಿದಳು: “ಅತ್ತೀ, ನಿಮ್ಮ ತವರಿಗೆ ಹೋಗಿ ಬರೂಣೇನ್ರಿ?”

“ಕರೀದ ಹ್ಯಾಂಗ ಹೋಗೂದವ್ವಾ? ಈಗ ಹೇಳಿದ ಕಥಿ ಕೇಳಿದಿಲ್ಲ?”

ಹುಡುಗನಿಗೆ ಕಥೆಯ ನೀತಿ ಬೇಕಿರಲಿಲ್ಲ, ಕಥೆ ಬೇಕಿತ್ತು. “ಅಕೀ ಜೋಡಿ ನಂದಿ ಹೋಗಿತ್ತಲ್ಲ, ಆಯಿ? ನಿನ್ನ ಜೋಡಿ ನಾ ಬರ್ತೀನಿ” ಎಂದು ಅವರ ಕೈ ಹಿಡಿದೆಳೆದ. ಯಜಮಾನರು ಗಡಿಯಾರವನ್ನು ನೋಡಿದರು, ತಾಯಿಯ ಮುಖವನ್ನು ನೋಡಿದರು, ಕಾರಿನ ಬಾಗಿಲು ತೆರೆದರು.

ತವರಿನ ಅಂಗಳದಲ್ಲಿ ಯಾವ ದೊಡ್ಡ ಮಾತೂ ನಡೆಯಲಿಲ್ಲ. ಅಣ್ಣನ ಸೊಸೆ ಓಡಿಬಂದು ಕಾಲಿಗೆ ನೀರು ಕೊಟ್ಟಳು. ಮಗ ಬಾಗಿ ನಮಸ್ಕರಿಸಿದ. ಅಪ್ಪನಿಲ್ಲದ ಮನೆಗೆ ಅತ್ತೆಯನ್ನು ಯಾವ ಮೊಗದಿಂದ ಕರೆಯಲೆಂದೇ ಇಷ್ಟು ವರ್ಷ ಕಳೆದನೆಂದು ಮರಾಠಿಯಲ್ಲಿ ಹೇಳಿ ತಲೆ ತಗ್ಗಿಸಿದ. ಆಯಿ ಅವನ ಬೆನ್ನು ಸವರಿದರು. ಚಿಕ್ಕೋಡಿಯ ಡಬ್ಬಿಯ ರೊಟ್ಟಿ, ಅಲ್ಲಿಯ ಬಿಸಿ ಪಿಠಲೆ ಒಂದೇ ಪಂಕ್ತಿಯಲ್ಲಿ ಬಡಿಸಲ್ಪಟ್ಟವು. ಹೊರಡುವಾಗ ಆಯಿಯ ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ ಇದ್ದವು.

ಯಡೂರನ್ನು ಸೇರಿದಾಗ ದೀಪ ಹಚ್ಚುವ ಹೊತ್ತು. ದಕ್ಷನ ಯಜ್ಞವನ್ನು ಕೆಡಿಸಿದ ವೀರಭದ್ರನಿಗೆ ಕಾಯಿ ಒಡೆಸಿ, ಮಂದಿಯೆಲ್ಲ ಕೃಷ್ಣೆಯ ತಂಗಾಳಿಗೆ ಮೈಯೊಡ್ಡಿ ಕುಳಿತರು. ಹುಡುಗ ಮಾತ್ರ ಆಯಿಯನ್ನು ಬಿಡದೆ ನಂದಿಯ ಬಳಿಗೆ ಕರೆದೊಯ್ದು, ಅದರ ಕಿವಿಗೆ ಬಾಯಿ ಹಚ್ಚಿ ಬಹಳ ಹೊತ್ತು ಏನೋ ಹೇಳಿದ.

ಮರಳುವ ದಾರಿಯಲ್ಲಿ ಮಕ್ಕಳಿಬ್ಬರೂ ನಿದ್ದೆಹೋಗಿದ್ದರು. ಯಜಮಾನರು ಜೇಬಿಗೆ ಕೈಹಾಕಿದಾಗ ಆ ಪಟ್ಟಿ ಸಿಕ್ಕಿತು. ಆರರಲ್ಲಿ ನೋಡಿದ್ದು ಎರಡು. ಮೂರನೆಯದು ಅದರಲ್ಲಿ ಬರೆದೇ ಇರಲಿಲ್ಲ.

“ನಂದೀಗೆ ಏನ್ ಹೇಳಿದಾ ಇಂವಾ?” ಎಂದು ಅವರು ತಾಯಿಯನ್ನು ಕೇಳಿದರು.

“ಸಿಟ್ಟು ಇಳಿದೈತಿ, ಇನ್ನ ಮನೀಗೆ ಹೋಗು ಅಂದಾ” ಎಂದು ಹೇಳಿ, ಆಯಿ ಸೆರಗಿನಿಂದ ಮೊಮ್ಮಗನ ಕಾಲು ಮುಚ್ಚಿದರು.