ವಾರಂಟಿಯ ತೀರ್ಪುಗಾರರು ಯಾರು?

ಸಾಹಿತ್ಯದ ಬಳಗದಲ್ಲಿ ಕಾರಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮ ಜಗಳವೂ ಓದಿಗೆ ಸಂಬಂಧಿಸಿದ್ದೇ. ಓದದೇ ಇದ್ದುದಕ್ಕೆ ಎನ್ನುವುದು ಇನ್ನೂ ಸರಿ.

ಬೆಳಗಾವಿಯಲ್ಲಿದ್ದಾಗ ಕೊಂಡ ಕಾರು. ಪೂಜೆ, ಪೇಢೆ, ಫೋಟೊಗಳ ಸಂಭ್ರಮದ ನಡುವೆ ಎರಡು ವರ್ಷದ ಹೆಚ್ಚುವರಿ ವಾರಂಟಿಗೂ ಹಣ ತೆತ್ತೆವು. ಷರತ್ತುಗಳ ಪುಸ್ತಿಕೆ ಕೈಸೇರಿದ್ದು ತಿಂಗಳ ಬಳಿಕ. ಕಚೇರಿಯಲ್ಲಿ ಹಿಂದಿನ ಟಿಪ್ಪಣಿಗಳನ್ನೆಲ್ಲ ಓದದೆ ಒಂದು ಕಡತಕ್ಕೂ ಸಹಿ ಹಾಕದವರು ನಾವು, ಇಂಗ್ಲಿಷಿನಲ್ಲಿ ಎಂ.ಎ. ಬೇರೆ. ಆದರೂ ಆ ಇಂಗ್ಲಿಷ್ ಪುಸ್ತಿಕೆಯನ್ನು ತೆರೆಯದೆ ಕಾರಿನ ಖಾನೆಯೊಳಗೆ ಹಾಕಿದೆವು.

ವರ್ಗವಾಗಿ ದೇಹೂ ರೋಡಿಗೆ ಬಂದ ಮೇಲೆ, ಕಾರಿನ ನಾಲ್ಕನೆಯ ವರ್ಷದಲ್ಲಿ, ಸ್ಟೀರಿಂಗಿನಿಂದ ಕಟಕಟ ಸದ್ದು ಶುರುವಾಯಿತು. ಅಧಿಕೃತ ಸರ್ವಿಸ್ ಸೆಂಟರಿನವರು ಬಿಚ್ಚಿ ನೋಡಿ, ಸ್ಟೀರಿಂಗ್ ರ‍್ಯಾಕ್ ತುಕ್ಕು ಹಿಡಿದಿದೆ, ಬದಲಿಸಲು 38 ಸಾವಿರ ರೂಪಾಯಿ ಎಂದರು. ವಾರಂಟಿ ಇದೆಯಲ್ಲ ಎಂದೆವು. ರ‍್ಯಾಕಿಗೆ ಇದೆ, ಆದರೆ ಅದರ ಮೇಲಿನ ರಬ್ಬರ್ ಬೂಟ್ ಹರಿದು ನೀರು ಒಳಹೊಕ್ಕಿದೆ, ರಬ್ಬರಿಗೆ ವಾರಂಟಿ ಇಲ್ಲ, ಆದ್ದರಿಂದ ರ‍್ಯಾಕಿಗೂ ಇಲ್ಲ ಎಂಬ ಉತ್ತರ ಬಂತು. ಬಿಚ್ಚಿದ ಕೂಲಿ ಪ್ರತ್ಯೇಕ. ಬೆಳಗಾವಿಗೆ ಫೋನ್ ಮಾಡಿದರೆ, ತೀರ್ಮಾನ ಕಾರು ನೋಡಿದವರದು ಎಂದರು. ಇಲ್ಲಿಯವರು, ವಾರಂಟಿ ಮಾರಿದವರನ್ನೇ ಕೇಳಿ ಎಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ಅಂದು ರಾತ್ರಿ ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಕುಳಿತೆವು. ಮೂರು ತಿಂಗಳ ಹಿಂದೆ ಇದೇ ಸೆಂಟರಿನವರು ಕೊಟ್ಟ ಪರಿಶೀಲನಾ ಪಟ್ಟಿಯಲ್ಲಿ ಸ್ಟೀರಿಂಗ್ ಬೂಟ್ ಎಂಬುದರ ಮುಂದೆ 'ಸರಿ' ಎಂಬ ಗುರುತಿತ್ತು. ನೋಡದೆಯೇ ಗುರುತು ಹಾಕಿದ್ದರೆ ತಪ್ಪು ಅವರದು. ನೋಡಿಯೇ ಹಾಕಿದ್ದರೆ, ಮೂರೇ ತಿಂಗಳಲ್ಲಿ ರ‍್ಯಾಕ್ ಇಷ್ಟು ಕೆಟ್ಟದ್ದು ಹೇಗೆಂದು ಹೇಳಬೇಕಾದವರೂ ಅವರೇ.

ಯಾರೋ ಒಬ್ಬ ಮೆಕ್ಯಾನಿಕನ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ದೋಷ ವಾರಂಟಿಯೊಳಗಿನದೋ ಹೊರಗಿನದೋ ಎಂದು ನಿರ್ಣಯಿಸುವವರು, ಹೊರಗಿನದೆಂದಾಗ ನಮ್ಮಿಂದ ಹಣ ಪಡೆಯುವವರೂ ಆಗಿದ್ದಾರೆ. ನಮ್ಮ ತಕರಾರು ಅದಕ್ಕೆ. ವಾರಂಟಿಯ ಕೆಲಸಕ್ಕೆ ಕಂಪನಿಯ ಒಪ್ಪಿಗೆ ಬೇಕು, ಗ್ರಾಹಕನ ಹಣಕ್ಕೆ ಯಾರ ಒಪ್ಪಿಗೆಯೂ ಬೇಡ. ಎರಡನೆಯ ಅಭಿಪ್ರಾಯ ಕೇಳೋಣವೆಂದು ನಿಗಡಿಯ ಒಂದು ಗ್ಯಾರೇಜಿಗೆ ಹೋದರೆ, ಅಲ್ಲಿಯವರು ವಾರಂಟಿ ಹೋದೀತೆಂದು ಮುಟ್ಟಲೇ ಒಪ್ಪಲಿಲ್ಲ.

ಈ ಭಯ ಹಳೆಯದು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು, ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದುದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಇಡಿಯಾಗಿ ರದ್ದುಗೊಳಿಸಬಾರದೆಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ನಿಗಡಿಯ ಗ್ಯಾರೇಜಿಗೆ ಮಾತ್ರ ಆ ಆದೇಶದ ಧೈರ್ಯ ಇನ್ನೂ ತಲುಪಿಲ್ಲ.

ನಮ್ಮಂತೆ ಊರೂರು ವರ್ಗವಾಗುವವರು ತಿಳಿದಿರಬೇಕಾದ ಸಂಗತಿ ಒಂದಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರು ಬೆಳಗಾವಿಯದಾದರೂ ದೂರು ಪುಣೆಯಲ್ಲಿ ನಡೆಯುತ್ತದೆ. ತೆತ್ತ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಬಹುದು. ಆದರೆ ಎಲ್ಲಕ್ಕೂ ಬೇಕಾದದ್ದು ಕಾಗದ: ಬಿಚ್ಚುವ ಮುನ್ನ ಅಂದಾಜು ಪಟ್ಟಿ, ಬಿಚ್ಚಿದ ಮೇಲೆ ನಿರಾಕರಣೆಯ ಕಾರಣ, ಅವರ ಸಹಿಯೊಂದಿಗೆ. ನಮಗೆ ಬಾಯಿಮಾತಿನ ನಿರಾಕರಣೆ ಧಾರಾಳವಾಗಿ ಸಿಕ್ಕಿತು. ಬರಹದಲ್ಲಿ ಪಡೆಯಲು ಮೂರು ಸಲ ಹೋಗಬೇಕಾಯಿತು.

ಪರಿಶೀಲನಾ ಪಟ್ಟಿಯ ಪ್ರತಿಯೊಂದಿಗೆ ಪತ್ರ ಬರೆದ ಹನ್ನೊಂದನೆಯ ದಿನ ಫೋನ್ ಬಂತು. 'ಗುಡ್‌ವಿಲ್' ಲೆಕ್ಕದಲ್ಲಿ ಅರ್ಧ ಹಣ ಬಿಡುತ್ತಾರಂತೆ. ಹಣ ಕೊಟ್ಟು ಕೊಂಡ ಹಕ್ಕನ್ನು ಅರ್ಧ ದಾನವಾಗಿ ಪಡೆಯುವುದು ನಮಗೆ ಒಗ್ಗಲಿಲ್ಲ. ಮನೆಯಲ್ಲಿ ಇದಕ್ಕೆ ಪೂರ್ಣ ಸಮ್ಮತಿ ಇಲ್ಲವೆಂಬುದನ್ನೂ ಹೇಳಬೇಕು. 19 ಸಾವಿರ ಉಳಿಯುತ್ತಿತ್ತಲ್ಲ ಎಂಬ ಮಾತು ಊಟದ ಹೊತ್ತಿಗೆ ಬರುತ್ತದೆ. ಆದರೂ ದೂರು ಸಲ್ಲಿಸಿದ್ದೇವೆ. ಸುರಕ್ಷತೆಯ ವಿಷಯವಾದ್ದರಿಂದ ಕಾರನ್ನು ರಸ್ತೆಗಿಳಿಸುತ್ತಿಲ್ಲ. ವಿಚಾರಣೆಯ ದಿನವೂ ಲೋಕಲ್ ರೈಲಿನಲ್ಲಿಯೇ ಹೋಗುವವರಿದ್ದೇವೆ.